ಮುಂದಿನ ಕಾರು

ಬೆಕ್ಕು ಮತ್ತೆ ಕಾರಿನ ಮೇಲೆ ಮಲಗಿತ್ತು. ಅದೂ ಎಂಥ ನಿದ್ದೆ. ತೊಟ್ಟಿಲಲ್ಲಿ ಹಾಕಿ ತೂಗಿದ ಹಾಗೆ, ಬೂದು ಬಣ್ಣದ ಕವರಿನೊಳಕ್ಕೆ ಅರ್ಧ ಇಳಿದುಕೊಂಡು. ಅರ್ಥಶಾಸ್ತ್ರದ ಮೇಷ್ಟ್ರು ಚಪ್ಪಲಿ ಕಳಚಿ ಕೈಗೆ ತೆಗೆದುಕೊಂಡರು. ಎಸೆದರೆ ಕಾರಿಗೆ ಪೆಟ್ಟಾದೀತೆಂದು ಮತ್ತೆ ಕಾಲಿಗೇ ಹಾಕಿಕೊಂಡು, "ಥೂ" ಎಂದರು. ಬೆಕ್ಕು ಒಂದು ಕಣ್ಣು ತೆರೆದು, ಹಿಂದಿನ ಬೆಂಚಿನ ಹುಡುಗರು ನೋಡುವ ಹಾಗೆ ನೋಡಿತು.

ನಂಬುವುದು ಬಿಡುವುದು ಓದುವವರಿಗೆ ಸೇರಿದ್ದು. ಇದರಲ್ಲಿ ಒಂದು ಮಾತೂ ಕಟ್ಟಿದ್ದಲ್ಲ. ಕಟ್ಟಿದ್ದೇನಿದ್ದರೂ ಬಿದಿರಿನಲ್ಲಿ. ಅದು ಆಮೇಲೆ ಬರುತ್ತದೆ.

ಮೇಷ್ಟ್ರಿಗೆ ಕಾರಿತ್ತು, ಓಡಿಸುತ್ತಿರಲಿಲ್ಲ. ಓಡಿಸಿದರೆ ಮೀಟರು ಏರುತ್ತದೆ. ಮೀಟರು ಏರಿದರೆ ಬೆಲೆ ಇಳಿಯುತ್ತದೆ. ಬೆಲೆ ಇಳಿದರೆ, ಇದನ್ನು ಕೊಟ್ಟು ಕೊಳ್ಳಬೇಕಾದ ಮುಂದಿನ ಕಾರು ಇನ್ನಷ್ಟು ಮುಂದಕ್ಕೆ ಹೋಗುತ್ತದೆ. ಆದ್ದರಿಂದ ಕಾರು, ಧೂಳಿಗೆ ಹೆದರಿ ಎಂದೂ ಎತ್ತದ ಕವರಿನಡಿ, ನಿಂತಿತ್ತು, ಮೇಷ್ಟ್ರು ನಡೆಯುತ್ತಿದ್ದರು, ಹೆಂಡತಿ ಮಗಳು ಬಸ್ಸಿಗೆ ಕಾಯುತ್ತಿದ್ದರು.

ಆದರೂ ಮುಂದಿನ ಕಾರು ಕೈಗೆ ಸಿಗುತ್ತಿರಲಿಲ್ಲ. ದುಡ್ಡು ಇನ್ನೇನು ಸಾಕಾಯಿತು ಅನ್ನುವಷ್ಟರಲ್ಲಿ ಕಂಪನಿಯವರು ಹಿಂದೊಂದು ಕ್ಯಾಮೆರಾ ಇಟ್ಟರು, ಬೆಲೆ ಏರಿಸಿದರು. ಮತ್ತೆ ಹೊಟ್ಟೆ ಬಟ್ಟೆ ಕಟ್ಟಿ ಅಲ್ಲಿಗೂ ಮುಟ್ಟಿದರೆ, ಚಾವಣಿಗೆ ಗಾಜು ಕೂರಿಸಿ ಇನ್ನೊಮ್ಮೆ ಏರಿಸಿದರು. ಮೇಷ್ಟ್ರಿಗೆ ಮೈಯೆಲ್ಲ ಉರಿದಿತ್ತು. ಯಾರು ಕೇಳಿದ್ದರು ಆ ಗಾಜನ್ನು? ಕಾರಿಲ್ಲದೆ ನಡೆಯುವವನಿಗೆ ಆಕಾಶ ಪುಕ್ಕಟೆಯಾಗಿ ಕಾಣುತ್ತಿರಲಿಲ್ಲವೇ?

"ಸಂಜೆ ಐದಕ್ಕೆ ಶೋರೂಮಿನವನು ಬರ್ತಾನೆ, ಕಾರಿಗೆ ಬೆಲೆ ಕಟ್ಟೋಕೆ," ಎಂದರು ತಿಂಡಿಯ ಹೊತ್ತಿನಲ್ಲಿ.

ಹೆಂಡತಿ ಎತ್ತಿದ ಲೋಟವನ್ನು ಮತ್ತೆ ಕೆಳಗಿಟ್ಟಳು. "ಇವತ್ತಾ?"

"ಇವತ್ತೇ. ನಾಳೆಯಿಂದ ರೇಟು ಮತ್ತೆ ಏರುತ್ತಂತೆ."

"ಮೊದಲೇ ಹೇಳೋಕೇನಾಗಿತ್ತು?"

"ಹೇಳಿದ್ರೆ ಅಮ್ಮ ಮಗಳು ಬಣ್ಣ ಆರಿಸೋಕೆ ಕೂತ್ಕೋತಿದ್ರಿ."

"ಮುಂದಿನ ವಾರ ಬರೋಕೆ ಹೇಳ್ರೀ."

"ಆಮೇಲೆ ಮೇಲಿನ ದುಡ್ಡು ಯಾರು ಕೊಡ್ತಾರೆ? ನಿನ್ನ ತಮ್ಮನಾ?"

ಮಗಳಿಗೆ ನೆತ್ತಿಗೇರಿತು. ಹೆಂಡತಿ ಅವಳ ತಲೆ ತಟ್ಟುವುದನ್ನೂ ಬಿಟ್ಟು, ಫೋನು ತೆಗೆದುಕೊಂಡು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಇಷ್ಟು ವರ್ಷ ಕಾದವರಿಗೆ ಸಂತೋಷ ತಡೆದುಕೊಳ್ಳಲಾಗಲಿಲ್ಲವೆಂದು ಮೇಷ್ಟ್ರು ಅರ್ಥ ಮಾಡಿಕೊಂಡರು. ಅರ್ಥ ಅವರ ಶಾಸ್ತ್ರವೇ ತಾನೆ.

ಹೆಂಡತಿಯ ತಮ್ಮ ನಾಟಕಗಳಿಗೆ ರಂಗಸಜ್ಜು ಕಟ್ಟುವವನು. ರಟ್ಟಿನಲ್ಲಿ ಕೋಟೆ, ಬಟ್ಟೆಯಲ್ಲಿ ನದಿ. ಹಕ್ಕಿಯಿಂದ ಹಿಡಿದು ಹಡಗಿನವರೆಗೆ ಬೇಕಾದ್ದರ ಸದ್ದು ಬಾಯಲ್ಲೇ ತೆಗೆಯುತ್ತಿದ್ದ. ಮೇಷ್ಟ್ರಿಗೆ ಅವನ ಮೇಲೆ ಗೌರವವಿರಲಿಲ್ಲ. ಒಂದು ಉಪಕಾರ ಮಾತ್ರ ಒಪ್ಪಿಕೊಂಡಿದ್ದರು. ನಿಂತ ಕಾರನ್ನು ವಾರಕ್ಕೊಮ್ಮೆಯಾದರೂ ಸ್ಟಾರ್ಟ್ ಮಾಡಬೇಕಲ್ಲ. ಸುಮ್ಮಸುಮ್ಮನೆ ಪೆಟ್ರೋಲು ಸುಡುವುದನ್ನು ನೋಡಲಾಗದೆ ಮೇಷ್ಟ್ರು ಒದ್ದಾಡುತ್ತಿದ್ದರು. "ನೀವು ಒಳಗಿರಿ ಭಾವ, ಆ ಪಾಪ ನಾನು ಕಟ್ಕೋತೀನಿ," ಎಂದು ಅವನೇ ಪ್ರತಿ ಭಾನುವಾರ ಕವರಿನೊಳಗೆ ತೂರಿಕೊಳ್ಳುತ್ತಿದ್ದ. ಒಳಕೋಣೆಯಲ್ಲಿ ಕೂತು ಕೇಳುತ್ತಿದ್ದ ಮೇಷ್ಟ್ರಿಗೆ ಈಚೆಗೆ ಎಂಜಿನ್ನಿನ ದನಿ ಹಿಂದಿಗಿಂತ ಮೆತ್ತಗಾಗಿದೆ ಎನಿಸಿತ್ತು. ಅದನ್ನು ಹೇಳಿಯೂ ಇದ್ದರು.

ಕಾರಿಗಾಗಿ ಮನೆಯಲ್ಲಿ ಮಾತು ಬಂದದ್ದು ಒಂದೇ ಸಲ. ಹೆಂಡತಿಯ ತಾಯಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ದಿನ. ಬಾಡಿಗೆ ಗಾಡಿ ಬಂದು ನಿಲ್ಲುವವರೆಗೂ ಮೇಷ್ಟ್ರು ಕೀಲಿ ಹುಡುಕುತ್ತಲೇ ಇದ್ದರು. ಕೀಲಿ ಅವರ ಜೇಬಿನಲ್ಲೇ ಇತ್ತು. ಆಮೇಲೆ ಹೆಂಡತಿ ಕಾರಿನ ಸುದ್ದಿ ಎತ್ತಲಿಲ್ಲ. ಹೊಂದಿಕೊಂಡಳು ಎಂದುಕೊಂಡರು.

ಕಾಲೇಜಿನಲ್ಲಿ ಆ ದಿನ ಉಳಿತಾಯದ ಪಾಠವೇ ಬಂದಿತ್ತು. "ಇಂದಿನ ಭೋಗವನ್ನು ನಾಳೆಗೆ ಮುಂದೂಡುವುದೇ ಉಳಿತಾಯ," ಎಂದರು. ಹಿಂದಿನ ಬೆಂಚಿನಿಂದ ಅವರದೇ ದನಿ, ಅವರದೇ ಕೆಮ್ಮಿನ ಸಮೇತ, "ನಾಳೆಗೆ" ಎಂದಿತು. ಹುಡುಗರು ತಮಗೆ 'ನಾಳೆ ಮೇಷ್ಟ್ರು' ಎಂದು ಹೆಸರಿಟ್ಟಿರುವುದು ಅವರಿಗೆ ಗೊತ್ತಿತ್ತು.

"ಸಾರ್, ನಾಳೆ ಬಂದ್ಮೇಲೆ ಏನ್ಮಾಡಬೇಕು?" ಮುಂದಿನ ಸಾಲಿನ ಹುಡುಗಿ ಕೇಳಿದಳು. ಅವಳು ತಮಾಷೆ ಮಾಡುತ್ತಿರಲಿಲ್ಲ. ಅದೇ ಹೆಚ್ಚು ಚುಚ್ಚಿತು.

"ಅದು ಸಿಲಬಸ್ಸಿನಲ್ಲಿಲ್ಲ," ಎಂದರು.

ಸಂಜೆ ಬಿರಬಿರನೆ ನಡೆಯುತ್ತಿದ್ದರು. ತಿರುವಿನಲ್ಲಿ ಎದುರಿನಿಂದ ಬಂದ ಒಂದು ಕಾರು ಹೊಂಡಕ್ಕೆ ಇಳಿದು, ಅವರ ಪ್ಯಾಂಟಿನ ಮೇಲೆ ಕೆಸರು ಚಿಮ್ಮಿಸಿ, ಕಿರುಚುತ್ತ ಹೋಯಿತು. ತಮ್ಮದೇ ಮಾದರಿ, ತಮ್ಮದೇ ಬಣ್ಣ. ಬಾಗಿಲಿಗೆ ಗೀಚಿದ ಗೆರೆ, ಚಾವಣಿಯ ಮೇಲೆ ಬಿದಿರಿನ ಗಳು, ಮೈತುಂಬ ಮಣ್ಣು. ನಂಬರೂ ಕಾಣದಷ್ಟು. "ಅಯೋಗ್ಯ!" ಎಂದು ಕೂಗಿದರು. ಇಂಥವರ ಕೈಗೆ ಕಾರು ಯಾಕಾದರೂ ಸಿಗುತ್ತದೋ. ಕಾರೆಂದರೆ ಏನೆಂದು ಗೊತ್ತಿರುವವನು ನಡೆಯಬೇಕು, ಗೊತ್ತಿಲ್ಲದವನು ಓಡಿಸಬೇಕು. ದಾರಿಯುದ್ದಕ್ಕೂ ಆ ಸಿಟ್ಟು ಅವರಿಗೆ ಹಿತವಾಗಿತ್ತು.

ಶೋರೂಮಿನವನು ಆಗಲೇ ಬಂದು, ಟೈ ಸರಿಪಡಿಸಿಕೊಳ್ಳುತ್ತ ಕವರಿನ ಪಕ್ಕದಲ್ಲೇ ನಿಂತಿದ್ದ. ಹೆಂಡತಿ ಕಾಫಿ ಕೊಟ್ಟಾಗಿತ್ತು. ಇನ್ನೊಂದು ಲೋಟ ತಂದಳು.

"ಬೇಡ ಮೇಡಂ, ಇದು ಮೂರನೇದು."

"ಒಳಗೆ ಬಂದು ಕೂತ್ಕೊಳ್ಳಿ ಸ್ವಲ್ಪ," ಎಂದಳು. ಕಣ್ಣು ಬೀದಿಯ ಕೊನೆಯಲ್ಲಿತ್ತು.

"ಕೂರೋದೇನು, ಅವರು ಬಂದಿರೋದು ನೋಡೋಕೆ," ಎಂದರು ಮೇಷ್ಟ್ರು. "ನೋಡಿ ಇವರೇ, ಇಷ್ಟು ಕಡಿಮೆ ಓಡಿರೋ ಗಾಡಿ ನಿಮಗೆಲ್ಲೂ ಸಿಗಲ್ಲ."

ಮದುವೆಯಲ್ಲೂ ಅಷ್ಟು ಮೃದುವಾಗಿ ಯಾರ ಮುಸುಕನ್ನೂ ಎತ್ತಿರಲಿಕ್ಕಿಲ್ಲ. ಅಂಚು ಹಿಡಿದು, ಸುಕ್ಕಾಗದಂತೆ ಮಡಿಸುತ್ತ ಎತ್ತಿದರು.

ಬಿದಿರಿನ ಹಂದರ. ಮೂತಿಯ ಜಾಗದಲ್ಲಿ ಮುರಿದ ಮೇಜು, ಕನ್ನಡಿಗಳ ಜಾಗದಲ್ಲಿ ಎರಡು ಸೌಟು, ಚಾವಣಿಗೆ ರಟ್ಟು. ನಡುವೆ, ಚಾಲಕ ಕೂರುವ ಕಡೆ, ಬೋರಲು ಹಾಕಿದ ಬಕೆಟ್ಟು. ಅದರ ಮೇಲೊಂದು ದಿಂಬು.

ಮೇಷ್ಟ್ರು ಕವರಿನ ಅಂಚು ಹಿಡಿದೇ ನಿಂತಿದ್ದರು.

ಆಗ ಆ ಮಣ್ಣು ಮೆತ್ತಿದ ಕಾರು ಬಂದು ಗೇಟಿಗೆ ನಿಂತಿತು. ಹೆಂಡತಿಯ ತಮ್ಮ ಇಳಿದ. ಹಂದರ ನೋಡಿದ, ಭಾವನನ್ನು ನೋಡಿದ.

"ಗಳು ಇಳಿಸಿ ಬರೋದು ತಡವಾಯ್ತು. ಇನ್ನರ್ಧ ಗಂಟೆ ಕೊಟ್ಟಿದ್ರೆ ತೊಳೆದು ನಿಲ್ಲಿಸಿಬಿಡ್ತಿದ್ದೆ ಭಾವ."

"ಎಷ್ಟು ದಿನ ಆಯ್ತು?" ಮೇಷ್ಟ್ರ ದನಿ ತರಗತಿಯದಾಗಿತ್ತು.

"ಅಮ್ಮನ್ನ ಬಾಡಿಗೆ ಗಾಡೀಲಿ ಮಲಗಿಸ್ಕೊಂಡು ಹೋದ್ನಲ್ಲ, ಅದರ ಮಾರನೇ ವಾರದಿಂದ," ಹೆಂಡತಿ ಹೇಳಿದಳು. "ಪ್ರತಿ ಹೊಂಡಕ್ಕೂ ಅಮ್ಮ ಕಿರುಚ್ತಿದ್ರು ರೀ. ನೀವು ಬಾಗಿಲಲ್ಲಿ ನಿಂತು ಜೇಬು ಮುಟ್ಟಿ ನೋಡ್ಕೋತಿದ್ರಿ. ನಾನು ನೋಡಿದೆ."

"ನೀವು ಇವತ್ತು ಹಿಡೀತೀರಿ, ನಾಳೆ ಹಿಡೀತೀರಿ ಅಂತ ಕಾದ್ವಿ ಅಪ್ಪ," ಎಂದಳು ಮಗಳು. "ನಾನು ಡ್ರೈವಿಂಗ್ ಕಲಿತೆ. ಸಮುದ್ರಕ್ಕೆ ಹೋಗಿಬಂದ್ವಿ. ಮುಖ ಕಪ್ಪಾಗಿದೆ, ನೋಡ್ತಾರೇನೋ ಅಂತ ಅಮ್ಮ ನಿಮ್ಮೆದುರೇ ಕೂತಿದ್ರು."

"ಮತ್ತೆ ಭಾನುವಾರದ ಎಂಜಿನ್ನು?"

ಹೆಂಡತಿಯ ತಮ್ಮ ಗಂಟಲು ಸರಿಮಾಡಿಕೊಂಡು, ಮೆಲ್ಲಗೆ, ಬಾಯಲ್ಲೇ ಸ್ಟಾರ್ಟ್ ಮಾಡಿದ. ಮೊದಲು ಕೆಮ್ಮು, ಆಮೇಲೆ ಗುರುಗುಟ್ಟು, ಆಮೇಲೆ ಆ ಮೆತ್ತನೆಯ ದನಿ. ಮಗಳು ಬಾಯಿ ಮುಚ್ಚಿಕೊಂಡಳು. ಆದರೂ ನಗು ಬೆರಳ ಸಂದಿಯಿಂದ ನುಸುಳಿತು. ಹೆಂಡತಿಯೂ ನಕ್ಕಳು. ಅವಳು ಹೀಗೆ ನಗುತ್ತಾಳೆಂಬುದು ಮೇಷ್ಟ್ರಿಗೆ ಮರೆತೇ ಹೋಗಿತ್ತು.

ಶೋರೂಮಿನವನು ಒಮ್ಮೆ ಕಾರಿನ ಕಡೆ, ಒಮ್ಮೆ ಹಂದರದ ಕಡೆ ನೋಡಿದ. "ಸಾರ್, ಯಾವುದಕ್ಕೆ ಬೆಲೆ ಕಟ್ಟಲಿ?"

ಮೇಷ್ಟ್ರು ನಗತೊಡಗಿದ್ದು ಆಗ. ಎಲ್ಲರಿಗಿಂತ ಜೋರಾಗಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಉಳಿದವರ ನಗು ಒಂದೊಂದಾಗಿ ನಿಂತಿತು. ಅವರದು ನಿಲ್ಲಲಿಲ್ಲ. ನಗುತ್ತಲೇ ತಲೆ ತಗ್ಗಿಸಿ ಹಂದರದೊಳಗೆ ಹೊಕ್ಕು ಬಕೆಟ್ಟಿನ ಮೇಲೆ ಕೂತರು. ಕೈ ಮುಂದೆ ಚಾಚಿ ಏನನ್ನೋ ಹಿಡಿಯಲು ನೋಡಿದರು. ಆಮೇಲೆ ಕವರನ್ನು ಒಳಗಿಂದಲೇ, ಎಲ್ಲೂ ಸುಕ್ಕಾಗದಂತೆ, ತಮ್ಮ ಮೇಲೆ ಎಳೆದುಕೊಂಡರು.

"ರೀ," ಎಂದಳು ಹೆಂಡತಿ. "ಬನ್ನಿ ಹೊರಗೆ."

ಬೂದು ಬಟ್ಟೆ ಅದುರುತ್ತಿತ್ತು. ಒಳಗಿನ ಸದ್ದು ಈಗ ನಗುವಿನಂತಿರಲಿಲ್ಲ. ಬಹಳ ಕಾಲ ನಿಂತುಹೋದ ಎಂಜಿನ್ನು ಹತ್ತಿಕೊಳ್ಳಲಾರದೆ ತಿಣುಕುವಂತೆ, ಬಿಟ್ಟು ಬಿಟ್ಟು ಕೇಳಿಸುತ್ತಿತ್ತು.