ಮರಿಗಳು ಮೊದಲು

ಇಪ್ಪತ್ತೆರಡು ವರ್ಷ ಬಾಳಿದ ಊರನ್ನು ಬಿಟ್ಟು ಹೊರಡುವವರಿಗೆ ಗಂಟುಮೂಟೆ ಕಟ್ಟಲು ಎಷ್ಟು ದಿನ ಬೇಕು? ಗಂಗಕ್ಕನಿಗೆ ಅರ್ಧ ದಿನ ಸಾಕಾಯಿತು. ಅವಳ ಗಂಡ ಯರ್ರೆಪ್ಪನಿಗೆ ಮಾತ್ರ ಐದು ವಾರವಾದರೂ ಮುಗಿದಿರಲಿಲ್ಲ. ಬೀಸುಕಲ್ಲು ಒಯ್ಯೋಣ ಅನ್ನುವನು, ಮರುದಿನ ಬೇಡ ಅನ್ನುವನು. ಕಂಬಳಿ ನೇಯುವ ಮಗ್ಗದ ಕಟ್ಟಿಗೆ ಬಿಚ್ಚುವನು, ಸಂಜೆಗೆ ಮತ್ತೆ ಜೋಡಿಸಿ ಕೂರುವನು. ಕೊನೆಗೆ ಕುರಿಹಟ್ಟಿಯ ಸುತ್ತ ತಾನೇ ಇಟ್ಟ ಕಲ್ಲುಗಳಲ್ಲಿ ಎರಡನ್ನಾದರೂ ಹೊತ್ತೊಯ್ಯಬೇಕು ಎಂದಾಗ ಗಂಗಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಆ ದಂಡಿಯಾಗ ಕಲ್ಲಿಗೆ ಬರ ಬಂದೈತೇನ್ರಿ? ಮನುಷ್ಯಾರು ನಾವು ಮುಟ್ಟಿದ್ರ ಸಾಕಾಗೈತಿ."

ಆ ದಂಡೆ ಅಂದರೆ ತುಂಗಭದ್ರೆಯ ಆಚೆ ದಂಡೆ. ಇವರಿದ್ದ ನಾಗಲದಿನ್ನೆ ಈಚೆಗೆ, ಇವರ ಹುಟ್ಟೂರು ಹಿರೇದಿನ್ನಿ ಆಚೆಗೆ. ನಡುವೆ ಒಂದು ಹೊಳೆ ಅಷ್ಟೆ. ಬೆಳಿಗ್ಗೆ ಅಲ್ಲಿನ ಕೋಳಿ ಕೂಗಿದರೆ ಇಲ್ಲಿ ಕೇಳಿಸುತ್ತಿತ್ತು. ಆದರೂ ಅದು ಬೇರೆ ದೇಶ. ಇವರು ಬಂದಾಗ ಇಲ್ಲಿ ಬ್ರಿಟಿಷರ ಆಳ್ವಿಕೆ, ಅಲ್ಲಿ ನಿಜಾಮನದು. ಇಲ್ಲಿನ ರೂಪಾಯಿ ಅಲ್ಲಿ ನಡೆಯದು, ಅಲ್ಲಿನ ಕಾಗದಕ್ಕೆ ಇಲ್ಲಿ ಬೆಲೆಯಿಲ್ಲ. ನಾಗಲದಿನ್ನೆಯ ಜನ ಒಳ್ಳೆಯವರೇ, ಆದರೆ ಇಪ್ಪತ್ತೆರಡು ವರ್ಷವಾದರೂ ಗಂಗಕ್ಕನನ್ನು 'ಮೊಗಲಾಯಿ ಗಂಗಕ್ಕ' ಎಂದೇ ಕರೆದರು. ಪರದೇಶದವಳು ಎನ್ನುವುದಕ್ಕೆ ಅವರಲ್ಲಿದ್ದ ಮಾತು ಅದು.

ಅವರು ಊರು ಬಿಟ್ಟ ಕಥೆ ಚಿಕ್ಕದು. ಹಿರೇದಿನ್ನಿಯ ಜಹಗೀರುದಾರನ ಕಾರಭಾರಿ ಪ್ರತಿ ವರ್ಷ ಹಿಂಡಿಗೆ ಬಂದು ಎಲ್ಲಕ್ಕಿಂತ ಒಳ್ಳೆಯ ಟಗರನ್ನು ಹಿಡಿದುಕೊಂಡು ಹೋಗುತ್ತಿದ್ದ. ಎರಡು ವರ್ಷ ಯರ್ರೆಪ್ಪ ಹಲ್ಲು ಕಚ್ಚಿ ಸುಮ್ಮನಿದ್ದ. ಮೂರನೆಯ ವರ್ಷ ಕೈಲಿದ್ದ ಕೋಲಿನಿಂದ ಆ ಮನುಷ್ಯನ ಮುಂಗೈ ಮುರಿದ. ಆಮೇಲೆ ನಿಲ್ಲುವುದುಂಟೆ? ಗಂಡ ಹೆಂಡತಿ ನಲವತ್ತು ಕುರಿಗಳನ್ನು ಹೊಳೆಯಲ್ಲಿ ಈಜಿಸಿಕೊಂಡು ಈಚೆಗೆ ಬಂದರು. ಮತ್ತೆ ಕಾಲಿಟ್ಟರೆ ಸೆರೆಮನೆ ಎಂದು ಜಹಗೀರುದಾರನ ಕಡೆಯವರು ಹೇಳಿ ಕಳಿಸಿದರು, ಇವರೂ ಕಾಲಿಡಲಿಲ್ಲ.

ನಲವತ್ತೆಂಟನೇ ಇಸವಿಯಲ್ಲಿ, ಗಣೇಶನ ಹಬ್ಬ ಮುಗಿದು ಹತ್ತು ದಿನಕ್ಕೆ, ನಿಜಾಮನ ಸೀಮೆ ಇಂಡಿಯಾಕ್ಕೆ ಸೇರಿತು. ಕಾರಭಾರಿ ಯಾವ ದಿಕ್ಕಿಗೆ ಓಡಿದನೋ ಯಾರಿಗೂ ಗೊತ್ತಿಲ್ಲ. ಯರ್ರೆಪ್ಪನ ತೀರಿಹೋದ ಅಣ್ಣನ ಹೆಂಡತಿ ಗಾದಿಲಿಂಗಮ್ಮ ಹೊಳೆಯಲ್ಲಿ ಹರಿಗೋಲು ನಡೆಸುವ ದಸ್ತಗಿರಿಯ ಬಾಯಲ್ಲಿ ಹೇಳಿ ಕಳಿಸಿದಳು: ಬರ್ರಿ. ಗುಡ್ಡದ ಕಾವಲು ಖಾಲಿ ಐತಿ. ಆದರ ದೀಪಾವಳಿ ಅಮಾಸಿ ದಿನ ಹೊತ್ತು ಮುಣುಗೋದ್ರೊಳಗ ನಿಮ್ಮ ಕುರಿ ಹಟ್ಟಿಯಾಗ ಇರಬೇಕು.

ಇದು ಹಿರೇದಿನ್ನಿಯ ಕುರುಬರ ಹಳೆಯ ಕಟ್ಟು. ಆ ಸಂಜೆ ಯಾರ ಕುರಿ ಹಟ್ಟಿಯಲ್ಲಿ ನಿಂತಿರುತ್ತವೋ, ಯಾರು ಹಟ್ಟಿಯ ದೇವತೆ ಹಟ್ಟೆವ್ವನಿಗೆ ದೀಪ ಹಚ್ಚುತ್ತಾರೋ, ಅವರಿಗೆ ವರ್ಷವಿಡೀ ಗುಡ್ಡದ ಮೇವು. ತಪ್ಪಿದರೆ ಬೇರೆಯವರಿಗೆ. ಮೇವಿಲ್ಲದೆ ಊರಿಗೆ ಹೋಗಿ ಮಾಡುವುದೇನು? ಮುಂದಿನ ವರ್ಷ ನೋಡೋಣ ಅನ್ನಲು ಯರ್ರೆಪ್ಪನಿಗೆ ಅರವತ್ತೇಳು, ಗಂಗಕ್ಕನಿಗೆ ಅರವತ್ತೆರಡು. ಅವನ ಮೊಣಕಾಲುಗಳು ಮುಂದಿನ ವರ್ಷದ ಮಾತು ಕೊಡುವಂತಿರಲಿಲ್ಲ.

ಇವರು ಹೋಗುವುದು ನಾಗಲದಿನ್ನೆಯಲ್ಲಿ ಯಾರಿಗೂ ಬೇಕಿರಲಿಲ್ಲ, ಎಲ್ಲರಿಗಿಂತ ಹೆಚ್ಚಾಗಿ ಕೊಟ್ರಬಸಪ್ಪಗೌಡನಿಗೆ. ಸುಗ್ಗಿ ಮುಗಿದ ಮೇಲೆ ಕುರಿಹಿಂಡನ್ನು ಹೊಲದಲ್ಲಿ ತಂಗಿಸಿಕೊಂಡರೆ ಅದರ ಗೊಬ್ಬರಕ್ಕೆ ಸಮನಾದದ್ದು ಇನ್ನೊಂದಿಲ್ಲ. ಇಪ್ಪತ್ತೆರಡು ವರ್ಷ ಗೌಡನ ಹೊಲದ ಜೋಳ ಆಳೆತ್ತರ ನಿಂತದ್ದು ಈ ಹಿಂಡಿನ ದಯೆಯಿಂದ. ಮನೆ ಕಟ್ಟಿಸಿಕೊಡುತ್ತೇನೆ ಎಂದ, ಎಮ್ಮೆ ಕೊಡುತ್ತೇನೆ ಎಂದ. ಯಾವುದಕ್ಕೂ ಬಗ್ಗದಿದ್ದಾಗ ಒಂದು ಮಾತು ಬಿಟ್ಟ.

"ಗಂಗಕ್ಕ, ನೀವು ಆ ದಂಡಿಯವರು, ಒಪ್ತೀನಿ. ಕುರಿ? ಅವು ಇಲ್ಲೇ ಹುಟ್ಟಿ ಇಲ್ಲೇ ಮೇದಾವ. ಹೊಳಿ ಈಜಿ ಬಂದ ಕುರಿ ಒಂದಾರ ಉಳದೈತೇನು? ಇವು ನೀರಿಗೆ ಇಳಿಯಂಗಿಲ್ಲ."

ಗಂಗಕ್ಕ ಬಾಯಿಗೆ ಬಂದ ಉತ್ತರ ಕೊಟ್ಟಳು. ಆದರೆ ಆ ಮಾತು ಎದೆಯಲ್ಲಿ ಮುಳ್ಳಾಗಿ ಉಳಿಯಿತು, ಯಾಕೆಂದರೆ ಅದು ನಿಜವಾಗಿತ್ತು.

ಹರಿಗೋಲಿನಲ್ಲಿ ಒಯ್ಯೋಣವೆಂದರೆ ದಸ್ತಗಿರಿ ಕಿವಿ ಮುಚ್ಚಿಕೊಂಡ. "ತೌಬಾ ತೌಬಾ! ಬೆದರಿದ ಕುರಿ ಗೊರಸು ಬಡದ್ರ ಹರಿಗೋಲಿನ ಚರ್ಮ ಹರೀತದ. ನೂರಾನಲವತ್ತು ಕುರಿ, ನಾ ಒಬ್ಬಾಂವ. ಈಜಿಸು ಯರ್ರೆಪ್ಪಣ್ಣ."

ಈಜಿಸಬೇಕೆಂದರೆ ಮೊದಲು ತುಪ್ಪಟ ಕತ್ತರಿಸಬೇಕು. ಮೈತುಂಬ ಉಣ್ಣೆಯಿದ್ದ ಕುರಿ ನೀರು ಕುಡಿದು ಭಾರವಾಗಿ ಮುಳುಗುತ್ತದೆ, ಇದು ಕುರುಬರ ಮನೆಯ ಕೂಸಿಗೂ ಗೊತ್ತು. ಅದನ್ನು ವಾರದ ಹಿಂದೆಯೇ ಮಾಡಬೇಕಿತ್ತು. ಆದರೆ ಮೇಲೆಲ್ಲೋ ಮಳೆಯಾಗಿ ಹೊಳೆ ನಾಲ್ಕು ದಿನ ಕೆಂಪಗೆ ಹರಿಯಿತು. ನೀರು ಇಳಿಯಲಿ, ಆಮೇಲೆ ಕತ್ತರಿಸೋಣ, ಸುಮ್ಮನೆ ಕುರಿಗಳಿಗೆ ಚಳಿ ಯಾಕೆ ಎಂದು ಯರ್ರೆಪ್ಪ ಕೂತ. ನೀರು ಇಳಿದದ್ದು ಅಮಾವಾಸ್ಯೆಯ ಹಿಂದಿನ ದಿನ. ಆಗ ನೋಡಬೇಕಿತ್ತು ಅವನ ಅವಸರ! ನೆರೆಹೊರೆಯವರನ್ನೆಲ್ಲ ಕರೆದು, ಒಂದೇ ದಿನದಲ್ಲಿ ಇಡೀ ಹಿಂಡಿನ ತುಪ್ಪಟ ತೆಗೆಸಿಬಿಟ್ಟ.

ಸಂಜೆಗೆ ಹಟ್ಟಿಯಲ್ಲಿ ಗೋಳೋ ಗೋಳು. ಬೆಳಿಗ್ಗೆ ಕಪ್ಪಗೆ ದಪ್ಪಗೆ ಇದ್ದ ತಾಯಿಗಳು ಈಗ ಬಡಕಲು ಬೂದು ಪ್ರಾಣಿಗಳು. ಮರಿಗಳು ಗುರುತು ಹಿಡಿಯದೆ ತಾಯಿಯಿಂದಲೇ ಓಡಿದವು, ಹಾಲಿಗೆ ಬಾಯಿ ಹಾಕಲಿಲ್ಲ. ಮೂರು ದಿನ ಬಿಟ್ಟರೆ ಎಲ್ಲ ಸರಿಹೋಗುತ್ತದೆ. ಆ ಮೂರು ದಿನ ಅವರ ಹತ್ತಿರ ಇರಲಿಲ್ಲ.

"ಐವತ್ತು ವರ್ಷ ಕುರಿ ಕಾದೋರು ನೀವು," ಎಂದಷ್ಟೇ ಅಂದಳು ಗಂಗಕ್ಕ.

ಅಮಾವಾಸ್ಯೆಯ ಬೆಳಿಗ್ಗೆ ಊರಿಗೆ ಊರೇ ಹೊಳೆದಂಡೆಗೆ ಬಂತು. ಬಿಳಿ ಧೋತರ ಉಟ್ಟು ಗೌಡನೂ ಬಂದ. ಯರ್ರೆಪ್ಪ ಹಿಂಡಿನ ಮುಂದೆ ನಡೆಯುವ, ಗಂಟೆ ಕಟ್ಟಿದ ಹೋತದ ಕೊಂಬು ಹಿಡಿದು ನೀರಿಗಿಳಿದ. ಹೋತದ ಹಿಂದೆ ಟಗರು, ಟಗರಿನ ಹಿಂದೆ ಕುರಿಗಳು. ಮೊಣಕಾಲು, ಸೊಂಟ, ಎದೆಮಟ್ಟ. ಅಷ್ಟರಲ್ಲಿ ತಾಯಿಯ ಹಿಂದೆ ಹೋಗದೆ ದಂಡೆಯಲ್ಲೇ ಉಳಿದ ಮರಿಗಳು ಒಮ್ಮೆಲೇ ಕಿರುಚಿದವು. ತಾಯಿಗಳು ತಿರುಗಿದವು. ಅವುಗಳ ಹಿಂದೆ ಟಗರು, ಕೊನೆಗೆ ಹೋತವೂ ತಿರುಗಿತು. ನಡುವೆ ಸಿಕ್ಕ ಯರ್ರೆಪ್ಪನ ಕಾಲು ಜಾರಿ ನಾಲ್ಕು ಮಾರು ಕೊಚ್ಚಿಕೊಂಡು ಹೋದ. ದಸ್ತಗಿರಿ ಹುಟ್ಟು ಚಾಚಿ ಎಳೆಯದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಇನ್ನೆರಡು ಸಲ ಪ್ರಯತ್ನಿಸಿದರು. ಎರಡು ಸಲವೂ ಅದೇ ಹಾಡು. ಯರ್ರೆಪ್ಪ ಕಲ್ಲಿನ ಮೇಲೆ ಕುಳಿತು ನಡುಗುತ್ತ ಹೇಳಿದ: "ನನ್ನ ಕಡಿಂದ ಆಗಂಗಿಲ್ಲ, ಗಂಗೀ. ನಾ ಕೆಡಿಸೀನಿ."

ಗೌಡ ಹತ್ತಿರ ಬಂದ. ಅವನ ದನಿಯಲ್ಲಿ ಕುಹಕವಿರಲಿಲ್ಲ, ಅದೇ ಗಂಗಕ್ಕನಿಗೆ ಹೆಚ್ಚು ಚುಚ್ಚಿತು. "ಬಿಡಕ್ಕ. ಹಬ್ಬದ ದಿನ, ಮನಿಗೆ ನಡೀರಿ."

ಗಂಗಕ್ಕ ಅವನ ಮಾತಿಗೆ ಕಿವಿಗೊಡಲಿಲ್ಲ. ಅವಳು ಕುರಿಗಳನ್ನು ನೋಡುತ್ತಿದ್ದಳು. ಮರಿಗೆ ತಾಯಿಯ ಗುರುತು ಹತ್ತುತ್ತಿಲ್ಲ, ಸರಿ. ತಾಯಿಗೆ? ಮೂರು ಸಲವೂ ಹಿಂಡು ತಿರುಗಿದ್ದು ಮರಿಗಳ ದನಿಗೆ. ಮೈ ಬದಲಾದದ್ದು ತಾಯಿಯದು, ಮರಿಯ ದನಿ ಬದಲಾಗಿಲ್ಲವಲ್ಲ.

"ದಸ್ತಗಿರಿ," ಎಂದಳು, "ಹರಿಗೋಲ ಹಚ್ಚು. ಮೊದ್ಲು ಮರಿ ದಾಟ್ಲಿ."

ಯರ್ರೆಪ್ಪ ಹೌಹಾರಿ ಎದ್ದ. "ತಲಿ ಕೆಟ್ಟೈತೇನು? ಮರಿ ಆ ದಂಡಿಯಾಗ, ತಾಯಿ ಈ ದಂಡಿಯಾಗ! ತಾಯಿ ಇಳೀಲಿಲ್ಲ ಅಂದ್ರ?"

ದಸ್ತಗಿರಿಯೂ ತಲೆ ಕೆರೆದುಕೊಂಡ. ಮಧ್ಯಾಹ್ನದ ಮೇಲೆ ಗಾಳಿ ಏಳುತ್ತದೆ, ಆಮೇಲೆ ಹರಿಗೋಲು ನಾಳೆಯವರೆಗೆ ನೀರಿಗಿಳಿಯದು. ನಿನ್ನೆಯಿಂದ ಹಾಲು ಕುಡಿಯದ ಮರಿಗಳು ನಾಳೆಯವರೆಗೆ ಉಳಿಯಲಾರವು. ಮೂವತ್ತನಾಲ್ಕು ಮರಿ, ಹಿಂಡಿನ ನಾಳೆಯೆಲ್ಲ ಅದೇ. ಗಂಗಕ್ಕನಿಗೆ ಇದೆಲ್ಲ ಗೊತ್ತಿತ್ತು. ಆದರೂ ಮೊದಲ ಮರಿಯನ್ನು ಅವಳೇ ಎತ್ತಿ ಹರಿಗೋಲಿನೊಳಗೆ ಹಾಸಿದ ಕಂಬಳಿಯ ಮೇಲೆ ಇಟ್ಟಳು.

"ಇಳೀತಾವ," ಎಂದಳು. "ನೀವು ನೀರಾಗ ನಿಂದರಬ್ಯಾಡ್ರಿ. ದೂರ ಸರದು ನಿಂದರ್ರಿ. ನಿಮ್ಮನ್ನ ನೋಡಿ ಬರೂದಲ್ಲ ಅವು."

ನಾಲ್ಕು ಸಲ ಹರಿಗೋಲು ಹೋಗಿ ಬಂತು. ನಾಲ್ಕನೆಯ ಸಲ ಗಂಗಕ್ಕನೂ ಹೋದಳು. ಇಪ್ಪತ್ತೆರಡು ವರ್ಷದ ಮೇಲೆ ಹಿರೇದಿನ್ನಿಯ ಮಣ್ಣಿಗೆ ಕಾಲಿಟ್ಟದ್ದು ಹೀಗೆ, ಎರಡು ಕಂಕುಳಲ್ಲಿ ಎರಡು ಮರಿ, ಸೀರೆಯ ತುಂಬ ಅವುಗಳ ಉಚ್ಚೆ. ಗಾದಿಲಿಂಗಮ್ಮ, ಊರ ಹಿರಿಯ ಉಚ್ಚೀರಪ್ಪ, ಇನ್ನೂ ಇಪ್ಪತ್ತು ಮಂದಿ ಸ್ವಾಗತಕ್ಕೆ ನಿಂತಿದ್ದರು. ಗಾದಿಲಿಂಗಮ್ಮ ಅಳಲು ಸಿದ್ಧಳಾಗಿಯೇ ಬಂದಿದ್ದಳು. ಗಂಗಕ್ಕನಿಗೆ ಅದಕ್ಕೆ ಪುರುಸೊತ್ತಿರಲಿಲ್ಲ.

ಯಾಕೆಂದರೆ ಮರಿಗಳು ಸುಮ್ಮನಾಗಿದ್ದವು. ಹೊಸ ಜಾಗ, ಹೊಸ ಜನ. ಮೂವತ್ತನಾಲ್ಕೂ ಒಂದಕ್ಕೊಂದು ಒತ್ತಿಕೊಂಡು ಉಸಿರೆತ್ತದೆ ನಿಂತಿದ್ದವು. ಆಚೆ ತಾಯಿಗಳು ತಲೆ ತಗ್ಗಿಸಿ ಹುಲ್ಲು ಮೇಯತೊಡಗಿದ್ದವು. ಹೊಳೆಯ ಮೇಲೆ ಗಾಳಿ ಆಗಲೇ ಸಣ್ಣ ಸುಕ್ಕು ಎಬ್ಬಿಸುತ್ತಿತ್ತು.

ಗಂಗಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಸುತ್ತ ಹಳೆಯ ಮುಖಗಳು, ತನ್ನನ್ನು ಹುಡುಗಿಯಾಗಿ, ಸೊಸೆಯಾಗಿ ಕಂಡವರು. ಮರ್ಯಾದೆ ನೋಡಿಕೊಂಡರೆ ಮರಿ ಉಳಿಯದು. ಮರಿಗಳ ನಡುವೆ ಕುಕ್ಕರಗಾಲಲ್ಲಿ ಕೂತು, ಕೊರಳೆತ್ತಿ, ಹಾಲಿಗೆ ಕರೆಯುವ ತಾಯಿಕುರಿಯ ಹಾಗೆ ಅರಚಿದಳು.

"ಅಯ್ಯಯ್ಯೋ ನಮ್ಮವ್ವ!" ಗಾದಿಲಿಂಗಮ್ಮ ಎದೆ ಬಡಿದುಕೊಂಡಳು. "ಆ ದಂಡಿಯಾಗ ಏನ್ ಮಾಡಿಬಿಟ್ರು ಈಕಿನ್ನ!"

ಗಂಗಕ್ಕ ಇನ್ನೊಮ್ಮೆ ಅರಚಿದಳು. ಒಂದು ಮರಿ ಕಿವಿ ನಿಮಿರಿಸಿ ಸಣ್ಣದಾಗಿ ಉತ್ತರ ಕೊಟ್ಟಿತು. ಮತ್ತೊಮ್ಮೆ. ಆಗ ಮೂವತ್ತನಾಲ್ಕು ಹಸಿದ ಗಂಟಲುಗಳು ಒಟ್ಟಿಗೆ ಬಾಯಿ ಬಿಟ್ಟವು. ಆ ಗದ್ದಲ ಹೊಳೆಯ ಅಗಲವನ್ನೆಲ್ಲ ತುಂಬಿತು.

ಆಚೆ ದಂಡೆಯಲ್ಲಿ ಒಂದು ಕುರಿ ತಲೆಯೆತ್ತಿತು. ಮುದಿ ಕುರಿ, ಒಂದು ಕಿವಿ ಸೀಳಿದ್ದು. ಅದು ನೀರಿನ ಅಂಚಿಗೆ ಬಂದು ಒಮ್ಮೆ ಕೂಗಿ, ಕಾಲು ಹಾಕಿತು. ಎದೆಮಟ್ಟ ಬಂದಾಗ ನಿಲ್ಲಲಿಲ್ಲ. ನೆಲ ತಪ್ಪಿತು, ಕೊರಳು ಮಾತ್ರ ಕಂಡಿತು, ಕೊರಳು ಮುಂದೆ ಬಂತು. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಹತ್ತು, ಆಮೇಲೆ ಎಣಿಸಲು ಯಾರಿಗೂ ಆಗಲಿಲ್ಲ. ತುಪ್ಪಟವಿಲ್ಲದ ಹಗುರ ಮೈಗಳು ನೀರು ಸೀಳಿಕೊಂಡು ಬಂದವು. ಗಂಟೆಯ ಹೋತ ಎಲ್ಲರ ಹಿಂದೆ ನಾಚಿಕೊಂಡು ಈಜುತ್ತಿತ್ತು.

ಆಚೆ ದಂಡೆಯಲ್ಲಿ ಏಳೆಂಟು ನೀರಿಗಿಳಿಯದೆ ಉಳಿದಿದ್ದವು. ಅವುಗಳನ್ನು ನೂಕಲು ನೀರಿಗೆ ಇಳಿದವನು ಯಾರು? ಕೊಟ್ರಬಸಪ್ಪಗೌಡ! ಬಿಳಿ ಧೋತರದ ತುಂಬ ಕೆಸರು, ರುಮಾಲು ಹೊಳೆಪಾಲು. "ಹೋಗ್ರಲೇ! ಹಡದಾಕಿ ಅಲ್ಲಿ ಕೂತು ಕರೀಲಿಕ್ಕತ್ತಾಳ, ಹೋಗ್ರಿ!" ಎಂದು ಒಂದೊಂದರ ಹಿಂಭಾಗಕ್ಕೂ ಕೈಕೊಟ್ಟು ದೂಡುತ್ತಿದ್ದ. ಇಷ್ಟು ವರ್ಷದ ಗೊಬ್ಬರ ಹೊಳೆ ದಾಟಿ ಹೋಗುತ್ತಿದ್ದರೂ ಅವನ ಮುಖ ಅರಳಿತ್ತು.

ಕುರಿಗಳು ದಡ ಹತ್ತಿ ಮೈ ಕೊಡವುವಷ್ಟರಲ್ಲಿ ಗಂಗಕ್ಕನ ಸೀರೆ ಪೂರಾ ನೆಂದಿತ್ತು. ತಾಯಿಗಳು ನೇರ ತಂತಮ್ಮ ಮರಿಯ ಹತ್ತಿರ ಹೋಗಿ ಮೂಸಿದವು. ಹಸಿದ ಮರಿಗಳಿಗೂ ಇನ್ನು ರೂಪು ನೋಡುವ ತಾಳ್ಮೆಯಿರಲಿಲ್ಲ, ಕೆಚ್ಚಲಿಗೆ ಬಾಯಿ ಹಾಕಿ ಬಾಲ ಅಲ್ಲಾಡಿಸಿದವು. ಅದನ್ನು ನೋಡಿದ ಮೇಲೆ ಗಂಗಕ್ಕ ಅತ್ತಳು. ಇಪ್ಪತ್ತೆರಡು ವರ್ಷದ್ದನ್ನೆಲ್ಲ ಒಟ್ಟಿಗೆ, ಗಾದಿಲಿಂಗಮ್ಮನ ಕೊರಳು ಹಿಡಿದು, ಸಂಕೋಚವಿಲ್ಲದೆ ಜೋರಾಗಿ ಅತ್ತಳು. ಯರ್ರೆಪ್ಪ ಗಾಳಿ ಬಲಿಯುವ ಮುನ್ನ ಕೊನೆಯ ಹರಿಗೋಲಿನಲ್ಲಿ ಬಂದಿಳಿದು, ತನ್ನ ಒಣ ಕಂಬಳಿಯನ್ನು ಅವಳ ಹೆಗಲಿಗೆ ಹೊದಿಸಿದ.

ಹೊತ್ತು ಮುಳುಗಲು ಇನ್ನೂ ಒಂದು ಮಾರು ಇರುವಾಗಲೇ ಹಿಂಡು ಗುಡ್ಡದ ಹಟ್ಟಿಯೊಳಗೆ ನಿಂತಿತ್ತು. ಸಗಣಿಯ ಹಟ್ಟೆವ್ವನ ಮುಂದೆ ಉಚ್ಚೀರಪ್ಪ ದೀಪ ಹಿಡಿದು ನಿಂತ. ಹಚ್ಚುವ ಮೊದಲು ಊರಿಗೆಲ್ಲ ಕೇಳುವಂತೆ ಮೂರು ಸಲ ಪ್ರಶ್ನೆ ಕೇಳುವುದು ಅಲ್ಲಿನ ಪದ್ಧತಿ. ಹಟ್ಟಿಯ ಗಂಡಸು ತನ್ನ ಹೆಸರು ಹೇಳುತ್ತಾನೆ, ಆ ಹೆಸರಿಗೆ ವರ್ಷದ ಗುಡ್ಡ.

"ಯಾರ ಹಟ್ಟಿ ಇದು?"

"ಗಂಗಕ್ಕನ ಹಟ್ಟಿ," ಎಂದ ಯರ್ರೆಪ್ಪ.

ಜನ ಮುಖ ಮುಖ ನೋಡಿಕೊಂಡರು. ಹೆಂಗಸಿನ ಹೆಸರು ಆ ಗುಡ್ಡ ಯಾವತ್ತೂ ಕೇಳಿರಲಿಲ್ಲ. ಉಚ್ಚೀರಪ್ಪ ಗಂಟಲು ಸರಿಮಾಡಿಕೊಂಡು, ಅವನಿಗೆ ತಿದ್ದಿಕೊಳ್ಳಲು ಅವಕಾಶ ಕೊಡುವವನಂತೆ ನಿಧಾನವಾಗಿ ಕೇಳಿದ. "ಯಾರ ಹಟ್ಟಿ?"

"ಒಮ್ಮೆ ಹೇಳೀನಲ್ಲ ಮಾವ. ಗಂಗಕ್ಕಂದು."

ಮೂರನೆಯ ಸಲ ಉಚ್ಚೀರಪ್ಪ ಯರ್ರೆಪ್ಪನ ಕಡೆ ನೋಡಲಿಲ್ಲ. ಗಂಗಕ್ಕನ ಕಡೆ ತಿರುಗಿ ಕೇಳಿದ. ಅವಳು ಕಂಬಳಿಯನ್ನು ಹೆಗಲ ಮೇಲೆ ಬಿಗಿಯಾಗಿ ಎಳೆದುಕೊಂಡು, ಮಧ್ಯಾಹ್ನ ಅರಚಿ ಒಡೆದುಹೋದ ದನಿಯಲ್ಲೇ, ಹೊಳೆಯ ಆಚೆಗೂ ಕೇಳುವಂತೆ ಹೇಳಿದಳು.

"ನಂದು."

ಉಚ್ಚೀರಪ್ಪ ದೀಪ ಹಚ್ಚಿದ.