ಶತ್ರು ಸೈನಿಕನ ದನಿ

ಆ ಆಫೀಸಿನಲ್ಲಿ ಎಲ್ಲರೂ ಅವನನ್ನು ‘ಮಿಲಿಟರಿ ಮಾವ’ ಎಂದೇ ಕರೆಯುತ್ತಿದ್ದರು. ಹದಿನೇಳು ವರ್ಷ ಸೈನ್ಯದಲ್ಲಿದ್ದು, ಮಂಡಿ ಕೈಕೊಟ್ಟ ಮೇಲೆ ಬ್ಯಾಂಕಿನ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಸಲಾಮು ಹೊಡೆಯುತ್ತಿದ್ದವನನ್ನು ಈ ವಿಡಿಯೋ ಗೇಮ್ ಕಂಪನಿಯವರು ಕರೆದು ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿದ್ದರು. ಅವರ ಹೊಸ ಯುದ್ಧದ ಆಟ ಅಪ್ಪಟ ನಿಜದಂತಿರಬೇಕಿತ್ತು. ಆ ಮೂರು ಮಹಡಿಗಳಲ್ಲಿ ಯುದ್ಧ ಕಂಡಿದ್ದವನು ಇವನೊಬ್ಬನೇ.

ಇವನೂ ಸುಮ್ಮನೆ ಕೂರುವ ಆಸಾಮಿಯಲ್ಲ. ಕೆಸರಿನಲ್ಲಿ ಹೂತ ಬೂಟು ಕಿತ್ತರೆ ಬರುವ ಸದ್ದು ಇದಲ್ಲ ಎಂದ. ಗುಂಡು ಹಾರಿದ ಮೇಲೆ ಕಿವಿಯಲ್ಲಿ ಗುಂಯ್ ಎನ್ನುವುದೊಂದೇ ಇರುತ್ತದೆ, ನಿಮ್ಮ ಪಿಟೀಲು ಎಲ್ಲಿಂದ ಬಂತು ಎಂದು ಮೂಗು ಮುರಿದ. ಮಕ್ಕಳ ವಯಸ್ಸಿನವರು ತಲೆಯಾಡಿಸುತ್ತ ಬರೆದುಕೊಂಡರು. ಮನೆಯಲ್ಲಿ ತರಕಾರಿ ತಂದರೂ ಕೊಳೆತದ್ದು ತಂದಿರಿ ಎನ್ನಿಸಿಕೊಳ್ಳುವ ಮನುಷ್ಯನಿಗೆ ಇಲ್ಲಿ ಬಾಯಿ ಬಿಟ್ಟದ್ದೆಲ್ಲ ಕಾನೂನಾಯಿತು. ತಲೆ ತಿರುಗದೆ ಇರುತ್ತದೆಯೇ?

ಒಂದು ವಿಷಯದಲ್ಲಿ ಮಾತ್ರ ಅವನು ಬಾಯಿ ಬಿಟ್ಟಿರಲಿಲ್ಲ. ಅವನ ಹೆಂಡತಿಯ ತಮ್ಮ ಇವನದೇ ತುಕಡಿಯಲ್ಲಿದ್ದ. ಆರು ವರ್ಷದ ಹಿಂದೆ ಇವನ ಪಕ್ಕದಲ್ಲೇ ಗುಂಡು ತಿಂದು ಸತ್ತ. ಹೊಟ್ಟೆಗೆ ಬಿದ್ದ ಗುಂಡು, ಇಪ್ಪತ್ತು ನಿಮಿಷ ನರಳಿಸಿತು. ಹೆಣದ ಜೊತೆ ಬಂದವನು ಅತ್ತೆಯ ಮುಂದೆ ಹೇಳಿದ್ದೇ ಬೇರೆ: “ಒಂದು ಕ್ಷಣ ಅಷ್ಟೇ ಅತ್ತೆ. ಅವನಿಗೇ ಗೊತ್ತಾಗಲಿಲ್ಲ.” ಅತ್ತೆ ಈಗ ಮಗಳ ಮನೆಯಲ್ಲೇ, ಅಂದರೆ ಇವನ ಮನೆಯಲ್ಲೇ ಇದ್ದರು. ಆ ಒಂದು ಸುಳ್ಳನ್ನು ಅವನು ಗಾಜಿನ ಲೋಟದ ಹಾಗೆ ಕಾಪಾಡಿಕೊಂಡು ಬಂದಿದ್ದ.

ಸಾಯುವವರ ದನಿ ಮುದ್ರಿಸುವ ದಿನ ಬಂತು. ನಾಟಕದ ನಟನೊಬ್ಬ ಮೈಕಿನ ಮುಂದೆ ಹಲುಬಿ ಹಲುಬಿ ಸಾಯುತ್ತಿದ್ದ. ಮಿಲಿಟರಿ ಮಾವನಿಗೆ ತಡೆಯಲಾಗಲಿಲ್ಲ. “ಹೊಟ್ಟೆ ಕೆಟ್ಟವನ ಥರ ಇದೆಯಲ್ಲಯ್ಯ!” ಎಂದುಬಿಟ್ಟ. ಎಲ್ಲರೂ ಗೊಳ್ಳೆಂದರು. ನಟನಿಗೆ ಉರಿದುಹೋಯಿತು. “ಹಾಗಾದ್ರೆ ನೀವೇ ಸತ್ತು ತೋರಿಸಿ” ಎಂದ.

ಇವನು ಮೀಸೆ ತಿರುವಿಕೊಂಡೇ ಒಳಗೆ ಹೋದ. ನರಳಿದ, ಕೆಮ್ಮಿದ, ಉಸಿರೆಳೆದ. ಧ್ವನಿ ವಿಭಾಗದ ಮೇಡಂ ಗಾಜಿನಾಚೆಯಿಂದ, “ಇದೂ ನಟನೆ ಥರಾನೇ ಇದೆ ಸಾರ್” ಎಂದಳು. ನಟ ಹಲ್ಲು ಕಿರಿದ. ಇಷ್ಟು ದಿನ ಸಂಪಾದಿಸಿದ ಮರ್ಯಾದೆ ಒಂದೇ ಮಾತಿಗೆ ಮಣ್ಣುಪಾಲಾಗುವುದನ್ನು ಅವನಿಂದ ನೋಡಲಾಗಲಿಲ್ಲ. ಕಣ್ಣು ಮುಚ್ಚಿದ. ಭಾವಮೈದನ ದನಿ ತಾನಾಗಿ ಗಂಟಲಿಗೆ ಬಂತು: “ಬಾಗಿಲು ತೆಗಿಯೇ ಅಮ್ಮಯ್ಯಾ... ಇನ್ಮೇಲೆ ತಡ ಮಾಡಲ್ಲ ಕಣೇ...”

ಚಿಕ್ಕಂದಿನಲ್ಲಿ ಆಡಲು ಹೋಗಿ ಹೊತ್ತು ಮೀರಿ ಬಂದಾಗ ಹೊಸ್ತಿಲಾಚೆ ನಿಂತು ಆ ಹುಡುಗ ಹೀಗೇ ಗೋಗರೆಯುತ್ತಿದ್ದನಂತೆ. ಸಾಯುವಾಗಲೂ ಅವನು ಕೇಳಿದ್ದು ಅದನ್ನೇ.

ಮೇಡಂ ಗಾಜಿನಾಚೆಯಿಂದ ಓಡಿಬಂದು, “ಇದೇ ಬೇಕಿತ್ತು ಸಾರ್!” ಎಂದು ಕೈ ಕುಲುಕಿದಳು. ನಟ ಬಾಲ ಮುದುರಿಕೊಂಡು ಹೋದ. ಅಸಹ್ಯವೆಂದರೆ, ಇವನಿಗೆ ಆ ಗಳಿಗೆಯಲ್ಲಿ ಖುಷಿಯಾಗಿತ್ತು. ಮೆಟ್ಟಿಲಿಳಿಯುವಾಗ ಅತ್ತೆಯ ನೆನಪಾಯಿತು. ಹಿಂದಿರುಗಿ ಬಂದು, ಆ ದನಿ ಎಲ್ಲೆಲ್ಲಿ ಕೇಳಿಸುತ್ತದೆ ಎಂದು ಕೇಳಿದ್ದಕ್ಕೆ ಮೇಡಂ, “ಆಟದೊಳಗೆ ಮಾತ್ರ ಸಾರ್, ಶತ್ರು ಸೈನಿಕರಿಗೆ ಹಾಕ್ತೀವಿ. ನಿಮ್ಮ ದನಿ ಅಂತ ಯಾರಿಗೆ ಗೊತ್ತಾಗುತ್ತೆ?” ಎಂದಳು. ಅತ್ತೆಯಂತೂ ಆಟದ ತಂಟೆಗೆ ಹೋಗುವವರಲ್ಲ. ಅವನು ಸಮಾಧಾನ ತಂದುಕೊಂಡ.

ಮೂರು ತಿಂಗಳ ಮೇಲೆ ಒಂದು ಸಂಜೆ ಅತ್ತೆ ಧಾರಾವಾಹಿ ನೋಡುತ್ತ ಬಟ್ಟೆ ಮಡಚುತ್ತಿದ್ದರು. ಇವನು ಪಕ್ಕದಲ್ಲೇ ಕೂತಿದ್ದ; ಹೆಂಡತಿ ಇನ್ನೂ ಕೆಲಸದಿಂದ ಬಂದಿರಲಿಲ್ಲ. ನಡುವೆ ಜಾಹೀರಾತು ಬಂತು. ಪರದೆಯ ತುಂಬ ಹೊಗೆ, ಆಡುವವನ ಬಂದೂಕಿನ ತುದಿ, ಅದರೆದುರು ಮಂಡಿಯೂರಿದ ಒಬ್ಬ ಸೈನಿಕ. “ಬಾಗಿಲು ತೆಗಿಯೇ ಅಮ್ಮಯ್ಯಾ... ಇನ್ಮೇಲೆ ತಡ ಮಾಡಲ್ಲ ಕಣೇ...” ಬಂದೂಕು ಹಾರಿತು. ‘ಸಾವೂ ಇಷ್ಟು ನಿಜ’ ಎಂದು ಕೆಂಪು ಅಕ್ಷರ ಮೂಡಿತು. ಹಿಂದೆಯೇ ಸಾಬೂನಿನ ಜಾಹೀರಾತು.

ಅತ್ತೆಯ ಕೈಯಲ್ಲಿ ಟವೆಲ್ಲು ಅರ್ಧ ಮಡಚಿದಂತೆಯೇ ಉಳಿಯಿತು. ಅವರು ಅಳಿಯನತ್ತ ತಿರುಗಿದರು.

“ಎಷ್ಟು ಹೊತ್ತು ಬದುಕಿದ್ದ?”

ಇನ್ನೊಂದು ಸುಳ್ಳಿಗಾಗಿ ಅವನು ತಡಕಾಡಿದ; ಸಿಗಲಿಲ್ಲ. “ಇಪ್ಪತ್ತು ನಿಮಿಷ.”

“ನನ್ನನ್ನೇ ಕರೀತಿದ್ದನಾ?”

“ಹೂಂ ಅತ್ತೆ. ಕೊನೇವರೆಗೂ.”

ಎದೆ ಬಡಿದುಕೊಂಡು ಅಳುತ್ತಾರೆ, ಶಾಪ ಹಾಕುತ್ತಾರೆ ಎಂದುಕೊಂಡಿದ್ದ. ಅವರು ಟವೆಲ್ಲನ್ನು ಮಡಿಲಲ್ಲಿಟ್ಟುಕೊಂಡರು. “ಆರು ವರ್ಷದಿಂದ, ಹೆತ್ತವಳ ನೆನಪೂ ಆಗದೆ ಹೋಗಿಬಿಟ್ಟ ಅಂತ ಕೊರಗ್ತಿದ್ದೆ. ಕರೆದಿದ್ದನಂತೆ! ಊರಿಗೆಲ್ಲ ಕೇಳಿಸಿದ್ರಿ, ನನಗೊಬ್ಬಳಿಗೆ ಹೇಳಲಿಲ್ಲವಲ್ಲ ಅಳಿಯಂದ್ರೇ.”

“ನಿಮಗೆ ನೋವಾಗಬಾರದು ಅಂತ...”

“ನಿಮಗೆ ಹೇಳೋಕೆ ಕಷ್ಟ ಆಗಿತ್ತು ಅನ್ನಿ.”

ಹದಿನೇಳು ವರ್ಷದಲ್ಲಿ ಯಾವ ಗುಂಡಿಗೂ ಇಷ್ಟು ಹೆದರಿರಲಿಲ್ಲ. ಟೀವಿ ಆರಿಸಲು ಎದ್ದ.

“ಇರಲಿ ಬಿಡಿ,” ಎಂದರು ಅತ್ತೆ. ಕುರ್ಚಿಯನ್ನು ಟೀವಿಯ ಹತ್ತಿರಕ್ಕೆ ಎಳೆದುಕೊಂಡು ಸದ್ದು ಜಾಸ್ತಿ ಮಾಡಿದರು. “ಆ ಜಾಹೀರಾತು ಮತ್ತೆ ಯಾವಾಗ ಬರುತ್ತೆ?”