ಡಾಂಬರು ಗುಳಿಗೆಯ ಕೌದಿ

ಕೌದಿ ಹೊಲಿಯುವುದರಲ್ಲಿ ನನ್ನನ್ನು ಮೀರಿಸುವವರು ಉಪ್ಪಲ್‌ನ ನಮ್ಮ ವಠಾರದಲ್ಲಿ ಯಾರೂ ಇಲ್ಲ. ಜಂಬವಲ್ಲ, ಯಾರನ್ನಾದರೂ ಕೇಳಿ. ಕುಷ್ಟಗಿಯಿಂದ ಈ ತೆಲುಗು ಸೀಮೆಗೆ ಕಟ್ಟಡದ ಕೆಲಸಕ್ಕೆ ಬಂದು ಹದಿನೆಂಟು ವರ್ಷವಾಯಿತು. ನಮ್ಮ ಕಡೆಯವರ ಮನೆಯಲ್ಲಿ ಕೂಸು ಹುಟ್ಟಿದರೆ ಕೌದಿ ಈ ಗುಂಡಮ್ಮನದೇ. ಹಾಗಿರುವಾಗ ನನ್ನ ಮಗ ಹುಲಗೇಶನಿಗೇ ಮಗ ಹುಟ್ಟಿದರೆ ಸುಮ್ಮನಿರುತ್ತೇನೆಯೇ? ನನ್ನವ್ವನ, ನನ್ನತ್ತೆಯ ಹಳೇ ಸೀರೆ ಜೋಡಿಸಿ ಹೊಲಿದೆ. ಸೊಸೆ ಭಾಗ್ಯಶ್ರೀ ತವರಿನಿಂದ ಬರುವವರೆಗೆ ನುಸಿ ಮುಟ್ಟಬಾರದೆಂದು ಟ್ರಂಕಿನಲ್ಲಿಟ್ಟು ಮಡಿಕೆ ಮಡಿಕೆಗೂ ಬಿಳಿ ಡಾಂಬರು ಗುಳಿಗೆ ಹಾಕಿದೆ. ಒಂದೆರಡಲ್ಲ, ಇಡೀ ಪೊಟ್ಟಣ.

ಎರಡು ತಿಂಗಳ ಕೂಸು ಮನೆಗೆ ಬಂದ ದಿನ ಕೌದಿ ತೆಗೆದು ಹಾಗೇ ಅದಕ್ಕೆ ಸುತ್ತಿದೆ.

"ಅತ್ತಿ, ಒಂದ್ಸಲ ಒಗದು ಬಿಸಿಲಿಗೆ ಹಾಕಿದ್ರ ಚಲೋ ಇತ್ತೇನ್ರಿ, ಭಾಳ ವಾಸನಿ ಐತಿ" ಎಂದಳು ಸೊಸೆ.

"ಮಕ್ಕಳನ್ನ ಸಾಕೋದು ನನಗ ಕಲಸಬ್ಯಾಡ" ಎಂದೆ. ಪಾಪ, ಕೌದಿ ಸಮೇತ ಕೂಸನ್ನು ಎತ್ತಿಕೊಂಡು ಒಳಗೆ ಹೋದಳು.

ಮೂರನೇ ದಿನ ಕೂಸಿನ ಕಣ್ಣು ಹಳದಿಯಾಯಿತು. ಕಾಮಾಲೆ, ನಮ್ಮ ಮಾತಿನಲ್ಲಿ ಕಾಮಣಿ, ಎಂದು ನಾನೇ ತೀರ್ಪು ಕೊಟ್ಟೆ. ನಮ್ಮಲ್ಲಿ ಕಾಮಣಿಗೆ ಆಸ್ಪತ್ರೆಗೆ ಹೋಗುವುದಿಲ್ಲ, ಊರಿಗೆ ಹೋಗಿ ಸೊಪ್ಪಿನ ರಸ ಹಾಕಿಸುತ್ತೇವೆ. ಹುಲಗೇಶ ಮರುದಿನದ ಬಸ್ಸಿಗೆ ಸೀಟು ಹಿಡಿದ.

ಮರುದಿನ ಬೆಳಿಗ್ಗೆ ಕೂಸಿನ ಬಟ್ಟೆ ಒಗೆಯಲು ಕುಳಿತೆ. ಉಚ್ಚೆಯ ಕಲೆ ಹಾಲು ಹಾಕದ ಚಹಾದ ಬಣ್ಣಕ್ಕಿತ್ತು. ಸಾಬೂನು ಹಚ್ಚಿ ತಿಕ್ಕಿದರೂ ಹೋಗಲಿಲ್ಲ. ನಾಲ್ಕು ಮಕ್ಕಳ ಬಟ್ಟೆ ಒಗೆದವಳು ನಾನು, ಇಂಥ ಕಲೆ ಕಂಡವಳಲ್ಲ. ಓಡಿಹೋಗಿ ಕೂಸನ್ನು ನೋಡಿದೆ. ತುಟಿ ಬೆಳ್ಳಗೆ, ಅಂಗೈ ಬೆಳ್ಳಗೆ. ಹಾಲು ಕುಡಿಯಲೂ ತ್ರಾಣವಿಲ್ಲದೆ ಪುಸಪುಸನೆ ಉಸಿರುಬಿಡುತ್ತಿತ್ತು. ಕಾಮಣಿಯಾದರೆ ಹಳದಿಯಾಗಲಿ, ಹೀಗೇಕೆ ಬಿಳಿಚಿಕೊಳ್ಳಬೇಕು?

"ಬಸ್ಸು ಬ್ಯಾಡ, ಗಿಸ್ಸು ಬ್ಯಾಡ! ಆಟೋ ಕರೀ!" ಎಂದು ಕಿರುಚಿದೆ.

ಆಸ್ಪತ್ರೆಯಲ್ಲಿ ಡಾಕ್ಟರ್ ಸ್ನೇಹಲತಾ ನಮ್ಮ ಕಲಬುರಗಿ ಕಡೆಯವರು, ಪುಣ್ಯಕ್ಕೆ. ರಕ್ತ ಪರೀಕ್ಷೆಗೆ ಕಳಿಸಿ, ಕೂಸಿಗೆ ಸುತ್ತಿದ್ದ ಕೌದಿ ಮೂಸಿ, "ಇದರಾಗ ಡಾಂಬರ್ ಗುಳಿಗಿ ಹಾಕಿದ್ರೇನು?" ಎಂದು ಕೇಳಿದರು.

ಹುಲಗೇಶ ಹೆಂಡತಿಯ ಮೇಲೆ ಹರಿಹಾಯ್ದ. "ನಿನಗ ಬುದ್ಧಿ ಐತೇನ? ಒಗದು ಹಾಕಬೇಕಂತ ಗೊತ್ತಾಗಲಿಲ್ಲ?"

ಭಾಗ್ಯಶ್ರೀ ತಲೆ ತಗ್ಗಿಸಿ ನಿಂತಳು. ನನ್ನ ಹೆಸರು ಹೇಳಲಿಲ್ಲ. ಸುಮ್ಮನಿದ್ದರೆ ನಾನು ಪಾರಾಗುತ್ತಿದ್ದೆ. ನಾಚಿಕೆಯಿಂದ ಕಿವಿ ಬಿಸಿಯಾದವು.

"ಅಕಿಗೆ ಯಾಕ ಬೈತಿಯೋ? ಹಾಕಿದಾಕಿ ನಾನು. ಒಗೀರಿ ಅಂದಾಕಿ ಅಕಿ, ಕೇಳದಾಕಿ ನಾನು" ಎಂದೆ.

ಡಾಕ್ಟರ್ ಬೈಯಲಿಲ್ಲ. "ಕೂಸಿನ ರಕ್ತದಾಗ ಹುಟ್ಟಾ ಒಂದು ಕೊರತಿ ಇರಬಹುದು, ಮುಂದ ಪರೀಕ್ಷೆ ಮಾಡೋಣು. ಅಂಥವರಿಗೆ ಈ ಗುಳಿಗಿ ವಾಸನಿ ತಾಕಿದ್ರ ರಕ್ತದ ಕೆಂಪು ಕಣ ಒಡೀತಾವ. ಅದಕ್ಕ ಕಣ್ಣು ಹಳದಿ, ಮೈ ಬಿಳುಪು, ಉಚ್ಚಿ ಕಪ್ಪು. ಬಟ್ಟಿ ನೋಡಿ ಲಗೂನ ತಂದ್ರಿ, ಚಲೋ ಆತು. ಊರಿನ ದಾರಿ ಹಿಡಿದಿದ್ರ ಕಷ್ಟ ಇತ್ತು" ಎಂದರು.

ಕೂಸಿಗೆ ರಕ್ತ ಹಾಕಿದರು. ಆ ಸಣ್ಣ ಕೈಗೆ ಸೂಜಿ ಚುಚ್ಚುವುದನ್ನು ನೋಡಲಾಗದೆ ಗೋಡೆಗೆ ಮುಖ ಮಾಡಿ ಅತ್ತೆ. ಎರಡು ದಿನ ಒಂದೊಂದು ಒದ್ದೆ ಬಟ್ಟೆಯನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಮೊದಲು ಚಹಾ, ಆಮೇಲೆ ಜೇನುತುಪ್ಪ. ನರ್ಸುಗಳು ನಗುತ್ತಿದ್ದರು. ನಗಲಿ.

ಮೂರನೇ ದಿನ ಮಧ್ಯಾಹ್ನ ಭಾಗ್ಯಶ್ರೀ ಕೂಸಿಗೆ ಹಾಲು ಕುಡಿಸಿ ಎದ್ದು ಬಂದು, "ಹಿಡೀರಿ ಅತ್ತಿ, ನಿಮ್ಮ ಮೊಮ್ಮಗ" ಎಂದು ನನ್ನ ತೊಡೆಯ ಮೇಲಿಟ್ಟಳು. ಇನ್ನು ನನ್ನ ಕೈಗೆ ಕೊಡಲಾರಳು ಎಂದುಕೊಂಡಿದ್ದೆ. ಅಷ್ಟರಲ್ಲಿ ಆ ಪುಂಡ ಕಾಲು ಝಾಡಿಸಿ ನನ್ನ ಬಿಳಿ ಸೆರಗಿನ ತುಂಬ ಉಚ್ಚೆ ಹೊಯ್ದ. ಸೆರಗು ಎತ್ತಿ ನೋಡಿದೆ.

"ನೀರು! ನೋಡ್ರೇ, ತಿಳಿ ನೀರು!" ಎಂದು ವಾರ್ಡೆಲ್ಲ ಕೇಳುವಂತೆ ಕೂಗಿದೆ.

ಭಾಗ್ಯಶ್ರೀ ನಗುತ್ತ ಅಳುತ್ತ ಬೇರೆ ಸೀರೆ ತೆಗೆದುಕೊಟ್ಟಳು. ನಾನು ಸಂಜೆಯವರೆಗೂ ಉಟ್ಟದ್ದನ್ನು ಬದಲಿಸಲಿಲ್ಲ.